ಬಣ್ಣದ ಕೆಳಗಿನ ಬಣ್ಣ

"ಮನ್ಯಾಗ ನಮ್ಮಪ್ಪಾರು ಬಾರಿಸ್ತಿದ್ದ ಗಿಟಾರ್ ಐತ್ರಿ. ಯಾರೋ ಅದಕ್ಕ ಕೆಟ್ಟಂಗ ಪೇಂಟ್ ಹೊಡದಾರ. ಎಲ್ಲಾ ಕೆರದು ತಗದು ಹೊಸಾ ಬಣ್ಣ ಹೊಡಸಬೇಕಂತ ಮಾಡೇನಿ. ಎಲ್ಲಿ ಮಾಡ್ತಾರ್ರಿ?" ಹಾರ್ಮೋನಿಯಂ ತಿದಿ ಸೋರುವುದು, ತಬಲಾದ ಕರಣೆ ಬಿರಿಯುವುದು, ತಂಬೂರಿಯ ಬಿರಡೆ ಜಾರುವುದು, ಇಂಥ ಪ್ರಶ್ನೆಗಳ ನಡುವೆ ಈಚೆಗೆ ನನಗೆ ಮತ್ತೆ ಮತ್ತೆ ಬರುತ್ತಿರುವ ಪ್ರಶ್ನೆ ಇದು. ಕೇಳುವವರ ಊರು ಬದಲಾಗುತ್ತದೆ, ಗಿಟಾರಿನ ಮೇಲಿನ ಬಣ್ಣ ಬದಲಾಗುತ್ತದೆ, "ಎಲ್ಲಾ ಕೆರದು" ಎಂಬ ಮಾತು ಮಾತ್ರ ಬದಲಾಗುವುದಿಲ್ಲ. ನನಗೆ ಹೆದರಿಕೆ ಹುಟ್ಟಿಸುವುದು ಆ ಮಾತೇ. ಕೆಟ್ಟ ಬಣ್ಣದಿಂದ ಹಾಳಾದ ಗಿಟಾರುಗಳಿಗಿಂತ ಕೆಟ್ಟ ಬಣ್ಣ ತೆಗೆಯಲು ಹೋಗಿ ಹಾಳಾದ ಗಿಟಾರುಗಳನ್ನೇ ನಾನು ಹೆಚ್ಚು ನೋಡಿದ್ದೇನೆ.

ನಮ್ಮ ಬೆಳಗಾವಿ ಭಾಗದಲ್ಲಿ ಗಿಟಾರ್, ಅದೂ ಎಲೆಕ್ಟ್ರಿಕ್ ಗಿಟಾರ್ ಎಲ್ಲಿಂದ ಬಂತು ಎಂದು ಅಚ್ಚರಿಪಡುವವರಿಗೆ ಒಂದು ಮಾತು. ಕ್ಯಾಂಪ್ ಪ್ರದೇಶದ ಚರ್ಚುಗಳಲ್ಲಿ, ಗಣಪತಿ ಹಬ್ಬದ ಮಂಟಪಗಳ ಮುಂದೆ, ಹಳ್ಳಿಯ ಜಾತ್ರೆಗಳ ರಸಮಂಜರಿಗಳಲ್ಲಿ ಈ ವಾದ್ಯ ಬಹಳ ದಿನಗಳಿಂದ ದುಡಿದಿದೆ. 1991ರ ಆರ್ಥಿಕ ಸುಧಾರಣೆಗೆ ಮುಂಚೆ ವಿದೇಶಿ ಗಿಟಾರ್ ಕೊಳ್ಳುವುದು ನಮ್ಮ ಕಲಾವಿದರಿಗೆ ಕನಸಿನ ಮಾತು. ಆಮದಿಗೆ ಕಟ್ಟುನಿಟ್ಟು, ಸುಂಕ ವಿಪರೀತ. ಅವರ ಕೈಗೆ ಸಿಕ್ಕದ್ದು ಕೋಲ್ಕತ್ತಾದ ಗಿವ್ಸನ್‌ನಂಥ ದೇಶಿ ತಯಾರಿಯ ಗಿಟಾರುಗಳು. ಅಂಥ ಗಿಟಾರುಗಳಿಗೆ ಹಳೆ ವಾದ್ಯಗಳ ಸಂತೆಯಲ್ಲಿ ಇಂದಿಗೂ ಹೇಳಿಕೊಳ್ಳುವ ಬೆಲೆಯಿಲ್ಲ. ಬೆಲೆಯಿಲ್ಲವೆಂದೇ ಅವುಗಳ ಮೇಲೆ ಯಾರು ಬೇಕಾದರೂ ಬ್ರಷ್ ಆಡಿಸಿದ್ದಾರೆ, ಈಗ ಯಾರು ಬೇಕಾದರೂ ಸ್ಯಾಂಡರ್ ಮಷಿನ್ ಹಿಡಿಯುತ್ತಿದ್ದಾರೆ. ಅಮೆರಿಕದ ಹಳೆ ಫೆಂಡರ್ ಗಿಟಾರನ್ನು ಕಾಯಲು ಅದರ ಬೆಲೆಯೇ ಇದೆ. ಖಾನಾಪುರ ತಾಲ್ಲೂಕಿನ ರಸಮಂಜರಿ ಕಲಾವಿದನ ಗಿಟಾರಿಗೆ ಮನೆಯವರನ್ನು ಬಿಟ್ಟರೆ ಬೇರೆ ದಿಕ್ಕಿಲ್ಲ. ಹಾಗಾಗಿ ಜೋಪಾನ ಇಲ್ಲೇ ಹೆಚ್ಚು ಬೇಕು ಎನ್ನುವುದು ನನ್ನ ನಂಬಿಕೆ.

ತನ್ನ ತಂದೆ ಬಾರಿಸುತ್ತಿದ್ದ ಅಂಥದೊಂದು ಗಿಟಾರನ್ನು ಖಾನಾಪುರದ ಹುಡುಗನೊಬ್ಬ ಮಹಾಂತೇಶ ನಗರದ ನಮ್ಮ ಮನೆಗೆ ತಂದಿದ್ದ. ಫೆಂಡರ್‌ನ ಸ್ಟ್ರಾಟೊಕಾಸ್ಟರ್ ಆಕಾರದ್ದು, ತಂತಿಯ ಕಂಪನ ಹಿಡಿಯುವ ಪಿಕಪ್ ಮೂರು ಇದ್ದದ್ದು. ಬಾಗಿಲು ಕಿಟಕಿಗೆ ಬಳಿಯುವ ಕಪ್ಪು ಎನಾಮಲ್ ಪೇಂಟನ್ನು ಅದರ ಮೇಲೆ ಬ್ರಷ್‌ನಿಂದ ಬಳಿದಿದ್ದರು. ಅದರ ಮೇಲೆ ಯಾವಾಗಲೋ ಡಬ್ಬಿ ಸ್ಪ್ರೇಯ ಬೆಳ್ಳಿಬಣ್ಣ ಹೊಡೆದಿದ್ದರು. ಸ್ಪ್ರೇಯಲ್ಲಿದ್ದ ದ್ರಾವಕ ಕೆಳಗಿನ ಎನಾಮಲನ್ನು ಕಚ್ಚಿ ಎಬ್ಬಿಸಿತ್ತು. ಹಾಗಾಗಿ ಹಿಂಬದಿಯೆಲ್ಲ ಸುಕ್ಕು. ಮುಂಬದಿಯಲ್ಲಿ ಬ್ರಷ್‌ನ ಕೂದಲು ಬಣ್ಣದೊಳಗೇ ಒಣಗಿ ಕೂತಿದ್ದವು. ಸ್ಕ್ರೂಗಳ ತಲೆಯ ಗೀರು ಮುಚ್ಚಿಹೋಗಿತ್ತು. ಬಿಚ್ಚದೆಯೇ ಬಳಿದಿದ್ದರು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಕತ್ತಿನ ಬುಡದಲ್ಲಿ, ಒಡಲೂ ಕತ್ತೂ ಸೇರುವಲ್ಲಿ, ಬಣ್ಣ ಇಳಿದು ದಪ್ಪಗೆ ಗಟ್ಟಿಯಾಗಿ ಎರಡನ್ನೂ ಅಂಟಿಸಿಬಿಟ್ಟಿತ್ತು.

"ಕಾಕಾ, ಇದನ್ನ ಬೆಳ್ಳಗ ಕಟಗಿ ಕಾಣೂಮಟ ಉಜ್ಜಿಬಿಡೂಣು" ಅಂದ ಅವನು. "ಮೊದಲ ಬಿಚ್ಚಿ ನೋಡೋಣಪಾ ತಮ್ಮಾ" ಎಂದೆ.

ಬಿಚ್ಚುವುದಕ್ಕೂ ಒಂದು ಕ್ರಮವಿದೆ. ತಂತಿಗಳನ್ನು ಒಂದೊಂದಾಗಿ ಸಡಿಲಿಸಬೇಕು, ಬಿಗಿಯಿದ್ದಾಗಲೇ ಕತ್ತರಿಸಬಾರದು. ಕತ್ತಿನ ಅಂಚಿನ ಸುತ್ತ ಗಟ್ಟಿಯಾದ ಬಣ್ಣವನ್ನು ಚೂಪಾದ ಬ್ಲೇಡಿನಿಂದ ಮೊದಲು ಕೊಯ್ದುಕೊಳ್ಳಬೇಕು. ಇಲ್ಲದಿದ್ದರೆ ಕತ್ತು ಎತ್ತುವಾಗ ಬಣ್ಣದ ಜೊತೆ ಮರದ ಚಕ್ಕೆಯೂ ಏಳುತ್ತದೆ. ಹಿಂದಿನ ನಾಲ್ಕು ಸ್ಕ್ರೂ ತೆಗೆದು ಕತ್ತು ಬೇರೆ ಮಾಡಿದಾಗ ಆ ತಗ್ಗಿನಲ್ಲಿ ಕಾಗದದ ಅಥವಾ ತೆಳು ರಟ್ಟಿನ ತುಂಡು ಸಿಕ್ಕರೆ ಕಸವೆಂದು ಎಸೆಯಬೇಡಿ. ಕತ್ತಿನ ಕೋನ ಸರಿಪಡಿಸಲು ಅದನ್ನು ಇಟ್ಟಿರುತ್ತಾರೆ, ದೊಡ್ಡ ಕಾರ್ಖಾನೆಗಳೂ ಇಡುತ್ತಿದ್ದವು. ವೈರುಗಳನ್ನು ಎಳೆದು ಕೀಳದೆ, ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡು, ಬೆಸುಗೆ ಕರಗಿಸಿ ಬಿಡಿಸಬೇಕು. ಪ್ರತಿ ಭಾಗದ ಸ್ಕ್ರೂಗಳನ್ನು ಬೇರೆ ಬೇರೆ ಲಕೋಟೆಯಲ್ಲಿ ಹಾಕಿ ಮೇಲೆ ಹೆಸರು ಬರೆದಿಡಬೇಕು.

ಮುಂಬದಿಯ ಪ್ಲಾಸ್ಟಿಕ್ ತಟ್ಟೆ, ಅಂದರೆ ಪಿಕ್‌ಗಾರ್ಡ್ ಎತ್ತಿದಾಗ ಹುಡುಗ ಮಾತಾಡಲಿಲ್ಲ. ಕೆಳಗೆ ಮೂಲ ಬಣ್ಣ ಹಾಗೇ ಇತ್ತು. ನಡುವೆ ಜೇನು ಹಳದಿ, ಹೊರಗೆ ಹೋಗುತ್ತ ಕೆಂಪು, ಅಂಚಿಗೆ ಕಪ್ಪು. ಸನ್‌ಬರ್ಸ್ಟ್ ಎನ್ನುತ್ತಾರಲ್ಲ, ಅದೇ. ಬಿಸಿಲು ಕಾಣದ ಆ ಜಾಗದಲ್ಲಿ ಬಣ್ಣ ಮಾಸಿರಲೂ ಇಲ್ಲ. ಪಿಕ್‌ಗಾರ್ಡಿನ ಕೆಳಗೆ, ಪಿಕಪ್ ಕೂರುವ ಗುಂಡಿಯಲ್ಲಿ, ಕತ್ತಿನ ತಗ್ಗಿನಲ್ಲಿ ಬಹಳಷ್ಟು ಗಿಟಾರುಗಳು ತಮ್ಮ ಮೊದಲ ರೂಪದ ಗುರುತು ಉಳಿಸಿಕೊಂಡಿರುತ್ತವೆ. ಉಜ್ಜುವ ಕಾಗದ ಕೊಳ್ಳುವ ಮುನ್ನ ನೋಡಬೇಕಾದ ಜಾಗಗಳು ಇವು.

ಇನ್ನು ಮುಖ್ಯ ವಿಷಯ. ಬಣ್ಣ ಎಂದು ನಾವು ಒಂದೇ ಮಾತಿನಲ್ಲಿ ಕರೆಯುವುದರೊಳಗೆ ಬೇರೆ ಬೇರೆ ಜಾತಿಗಳಿವೆ. ಅರಗಿನ ಹಪ್ಪಳ, ನಮ್ಮ ಪಾಲಿಶ್ ಮಿಸ್ತ್ರಿಗಳು ಚಪಡಾ ಎನ್ನುವುದು, ಸ್ಪಿರಿಟ್‌ನಲ್ಲಿ ಕರಗುತ್ತದೆ. ನೈಟ್ರೊಸೆಲ್ಯುಲೋಸ್ ಲ್ಯಾಕರ್, ಅಂದರೆ ಅಂಗಡಿಯವರ ಎನ್‌ಸಿ, ಥಿನ್ನರ್‌ನಲ್ಲಿ ಕರಗುತ್ತದೆ. ಇವೆರಡೂ ದ್ರಾವಕ ಹಾರಿಹೋಗಿ ಒಣಗುವಂಥವು, ಮತ್ತೆ ದ್ರಾವಕ ಸೋಕಿದರೆ ಮತ್ತೆ ಕರಗುತ್ತವೆ. ಪಾಲಿಯುರೆಥೇನ್ ಅಂದರೆ ಪಿ.ಯು., ಮತ್ತು ಪಾಲಿಯೆಸ್ಟರ್ ಹಾಗಲ್ಲ. ಅವು ರಾಸಾಯನಿಕ ಕ್ರಿಯೆಯಿಂದ ಗಟ್ಟಿಯಾಗುತ್ತವೆ, ಒಮ್ಮೆ ಗಟ್ಟಿಯಾದರೆ ಥಿನ್ನರ್‌ಗೆ ಬಗ್ಗುವುದಿಲ್ಲ. ಬಾಗಿಲಿನ ಎನಾಮಲ್ ಈ ಎರಡು ಬಗೆಗಳ ನಡುವಿನದು. ಥಿನ್ನರ್ ತಾಗಿದರೆ ಕರಗದೆ ಸುಕ್ಕುಗಟ್ಟಿ ಮೇಲೇಳುತ್ತದೆ. ಆ ಗಿಟಾರಿನ ಹಿಂಬದಿಯಲ್ಲಿ ನಡೆದದ್ದು ಅದೇ.

ಯಾವುದು ಯಾವುದೆಂದು ತಿಳಿಯಲು ಪ್ರಯೋಗಾಲಯ ಬೇಡ. ಪಿಕ್‌ಗಾರ್ಡಿನ ಕೆಳಗೆ ಯಾರಿಗೂ ಕಾಣದ ಜಾಗದಲ್ಲಿ ಅರಳೆಯ ಚೂರನ್ನು ಸ್ಪಿರಿಟ್‌ನಲ್ಲಿ ಅದ್ದಿ ಒತ್ತಿ ನೋಡಿ. ಅಂಟಾದರೆ ಅರಗು. ಏನೂ ಆಗದಿದ್ದರೆ ಹೊಸ ಅರಳೆಗೆ ಥಿನ್ನರ್ ಹಚ್ಚಿ ನೋಡಿ. ಅರಳೆಗೆ ಬಣ್ಣ ಹತ್ತಿ ಮೇಲ್ಮೈ ಮೆತ್ತಗಾದರೆ ಲ್ಯಾಕರ್. ಅದಕ್ಕೂ ಜಗ್ಗದಿದ್ದರೆ ಪಿ.ಯು. ಅಥವಾ ಪಾಲಿಯೆಸ್ಟರ್. ಮೇಲಿನ ಪದರಿಗೊಮ್ಮೆ, ಕೆಳಗಿನ ಪದರಿಗೊಮ್ಮೆ ಈ ಪರೀಕ್ಷೆ ಮಾಡಿದರೆ ಮುಂದಿನ ದಾರಿ ಅರ್ಧ ತಿಳಿದಂತೆ.

ಲ್ಯಾಕರ್‌ನ ಚರಿತ್ರೆ ನಮ್ಮ ಗ್ಯಾರೇಜುಗಳಿಗೂ ಸಂಬಂಧಿಸಿದ್ದು. ಅಮೆರಿಕದ ಡುಪಾಂಟ್ ಕಂಪನಿ 1923ರಲ್ಲಿ ಕಾರುಗಳಿಗೆಂದು ತಂದ ನೈಟ್ರೊಸೆಲ್ಯುಲೋಸ್ ಲ್ಯಾಕರ್‌ನ ಹೆಸರು ಡುಕೋ. ಅದಕ್ಕೆ ಮೊದಲು ಕಾರಿನ ಬಣ್ಣ ಒಣಗಲು ವಾರಗಟ್ಟಲೆ ಬೇಕಿತ್ತು. 1950ರ ದಶಕದಲ್ಲಿ ಲಿಯೋ ಫೆಂಡರ್ ಕ್ಯಾಲಿಫೋರ್ನಿಯಾದಲ್ಲಿ ಗಿಟಾರ್ ಮಾಡಲು ಕೂತಾಗ ಕಾರಿನವರ ಈ ಲ್ಯಾಕರ್‌ಗಳನ್ನೇ ಬಳಸಿದ. ಫೆಂಡರ್‌ನ ಹೆಸರಾಂತ ಫಿಯೆಸ್ಟಾ ರೆಡ್, ಫೋರ್ಡ್ ಥಂಡರ್‌ಬರ್ಡ್ ಕಾರಿನ ಕೆಂಪು. 1968ರ ಹೊತ್ತಿಗೆ ಆ ಕಂಪನಿ ದಪ್ಪನೆಯ ಪಾಲಿಯೆಸ್ಟರ್‌ಗೆ ಹೊರಳಿತು. ನಮ್ಮಲ್ಲಿ ಕಾರಿಗೆ "ಡುಕೋ ಹೊಡಸೂದು" ಎನ್ನುವ ಹಿರಿಯ ಪೇಂಟರ್‌ಗೆ ಹಳೆ ಗಿಟಾರಿನ ಬಣ್ಣ ಪರಕೀಯವೇನಲ್ಲ.

ನನಗೆ ಪ್ರಶ್ನೆ ಬರೆದವರಲ್ಲಿ ಹಲವರು ಪೇಂಟ್ ರಿಮೂವರ್ ಹಚ್ಚಿ ಕೆರೆಯುವ ಮಾತಾಡಿದ್ದಾರೆ. ಅವರಿಗೆ ಎರಡು ಎಚ್ಚರಿಕೆ. ಮೊದಲನೆಯದು ನಿಮ್ಮ ಬಗ್ಗೆ. ತೀಕ್ಷ್ಣವಾದ ರಿಮೂವರ್‌ಗಳಲ್ಲಿ ಮಿಥಿಲೀನ್ ಕ್ಲೋರೈಡ್ ಇರುತ್ತದೆ. ಅದರ ಆವಿ ಮುಚ್ಚಿದ ಕೋಣೆಯಲ್ಲಿ ಪ್ರಾಣ ತೆಗೆದ ಪ್ರಕರಣಗಳಿವೆ, ಮೈಯೊಳಗೆ ಹೋದರೆ ಅದು ಕಾರ್ಬನ್ ಮೊನಾಕ್ಸೈಡ್ ಆಗಿ ಮಾರ್ಪಡುತ್ತದೆ. ಅಮೆರಿಕ 2019ರಲ್ಲೇ ಮನೆಬಳಕೆಯ ರಿಮೂವರ್‌ಗಳಲ್ಲಿ ಅದನ್ನು ನಿಷೇಧಿಸಿತು. ಹಳೆ ಪೇಂಟನ್ನು ಒಣಗಿದ್ದಂತೆ ಉಜ್ಜುವುದೂ ಸಲ್ಲದು. ನಮ್ಮ ದೇಶದಲ್ಲಿ ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಡಬ್ಬಿಯ ಬಣ್ಣವಾದರೆ ಅದರ ಧೂಳು ಮಕ್ಕಳಿರುವ ಮನೆಯಲ್ಲಿ ಹಾರಬಾರದು. ನೀರು ಹಚ್ಚಿಯೇ ಉಜ್ಜಿ, ಆ ರಾಡಿಯನ್ನು ಬಟ್ಟೆಯಿಂದ ಒರೆಸಿ ತೆಗೆಯಿರಿ.

ಎರಡನೆಯ ಎಚ್ಚರಿಕೆ ಗಿಟಾರಿನ ಬಗ್ಗೆ. ಎನಾಮಲ್ ಎಬ್ಬಿಸುವ ಯಾವ ದ್ರಾವಕವೂ ಅದರ ಕೆಳಗಿನ ಲ್ಯಾಕರನ್ನು ಬಿಡುವುದಿಲ್ಲ. ರಿಮೂವರ್ ಹಚ್ಚಿದರೆ ಕಪ್ಪಿನ ಜೊತೆ ಸನ್‌ಬರ್ಸ್ಟ್ ಕೂಡ ಹೋಯಿತೆಂದೇ ಲೆಕ್ಕ. ಹಾಗಿದ್ದರೆ ದಾರಿ? ಖಾನಾಪುರದ ಗಿಟಾರಿಗೆ ಬಣ್ಣ ಬಳಿದವರು ಬಳಿಯುವ ಮೊದಲು ಮೇಲ್ಮೈಯನ್ನು ಉಜ್ಜಿರಲೇ ಇಲ್ಲ. ನುಣುಪಾದ ಲ್ಯಾಕರ್ ಮೇಲೆ ನೇರವಾಗಿ ಬಳಿದ ಎನಾಮಲ್‌ಗೆ ಹಿಡಿತ ಕಡಿಮೆ. ಕೆಲಸದ ದೃಷ್ಟಿಯಿಂದ ಅದು ಕಳಪೆ, ಆದರೆ ಕೆಳಗಿನ ಬಣ್ಣ ಉಳಿದದ್ದು ಆ ಕಳಪೆತನದಿಂದಲೇ. ಚೆನ್ನಾಗಿ ಉಜ್ಜಿ, ಹಿಡಿತ ಕೊಟ್ಟು, ಶಾಸ್ತ್ರೋಕ್ತವಾಗಿ ಬಳಿದಿದ್ದರೆ ಮೂಲ ಬಣ್ಣ ಅಂದೇ ಮಣ್ಣುಪಾಲಾಗುತ್ತಿತ್ತು.

ಇಂಥ ಕಡೆ ಕೈಯಿಂದಲೇ ಎಬ್ಬಿಸಬೇಕು. ಕೂದಲು ಒಣಗಿಸುವ ಡ್ರೈಯರ್‌ನಿಂದ ಅಂಗೈಯಗಲ ಜಾಗವನ್ನು, ಮುಟ್ಟಿದರೆ ಬೆಚ್ಚಗೆ ಅನಿಸುವಷ್ಟು ಮಾತ್ರ ಬಿಸಿ ಮಾಡಬೇಕು. ಹೆಚ್ಚು ಬಿಸಿಯಾದರೆ ಕೆಳಗಿನ ಲ್ಯಾಕರೂ ಮೆತ್ತಗಾಗುತ್ತದೆ. ಹಳೆ ಎಟಿಎಂ ಕಾರ್ಡಿನ ಅಂಚನ್ನು ಸ್ವಲ್ಪ ಚೂಪು ಮಾಡಿಕೊಂಡು ಮಲಗಿಸಿದಂತೆ ಹಿಡಿದು ನೂಕಿದರೆ ಎನಾಮಲ್ ಹಾಳೆಹಾಳೆಯಾಗಿ ಏಳುತ್ತದೆ. ಏಳದೆ ಮೊಂಡು ಹಿಡಿದ ಕಡೆ ದಾಡಿ ಬ್ಲೇಡಿನ ಎರಡೂ ತುದಿಗೆ ಟೇಪ್ ಸುತ್ತಿ, ನಡುವಿನ ಅಲಗಷ್ಟೇ ತಾಗುವಂತೆ ತುಸು ಬಾಗಿಸಿ, ನಿಲ್ಲಿಸಿಕೊಂಡು ತನ್ನ ಕಡೆಗೆ ಎಳೆಯಬೇಕು. ಕತ್ತರಿಸುವ ಹಾಗಲ್ಲ, ಹೆರೆಯುವ ಹಾಗೆ. ಬ್ಲೇಡಿನ ಮೇಲೆ ಕಪ್ಪು ಪುಡಿ ಬರುತ್ತಿರುವಾಗ ಸರಿ. ಅದರಲ್ಲಿ ಕಂದು ಅಥವಾ ಕೆಂಪು ಬೆರೆತ ಕೂಡಲೇ ನಿಲ್ಲಿಸಬೇಕು. ಬಾಗಿದ ಅಂಚುಗಳಲ್ಲಿ ಆ ಎರಡರ ನಡುವೆ ಒಂದೇ ಎಳೆತದ ಅಂತರ. ನಿಧಾನದ ಕೆಲಸ ಇದು, ಮಷಿನ್ ಮಾಡಲಾರದ್ದು. ಹುಡುಗನಿಗೆ ತೋರಿಸಿಕೊಟ್ಟೆ. ಭಾನುವಾರಗಳಂದು ಬಂದು ಹೆಚ್ಚಿನ ಭಾಗವನ್ನು ಅವನೇ ಮಾಡಿದ. ತಂದೆಯ ಮುಂಗೈ ತಾಗಿ ತಾಗಿ ಲ್ಯಾಕರ್ ಸವೆದು ಮರ ಕಂಡಿದ್ದ ಜಾಗವೊಂದು ಕಪ್ಪಿನ ಕೆಳಗಿಂದ ಹೊರಬಂತು. "ಇಲ್ಲಿ ಕೈ ಇಡತಿದ್ರು ನೋಡ್ರಿ ಕಾಕಾ" ಎಂದು ತನ್ನ ಮುಂಗೈಯನ್ನು ಅಲ್ಲಿ ಇಟ್ಟು ತೋರಿಸಿದ. ಆ ಜಾಗಕ್ಕೆ ಬಣ್ಣ ತುಂಬುವ ಮಾತನ್ನು ಆಮೇಲೆ ಅವನೂ ಎತ್ತಲಿಲ್ಲ.

ಎಲ್ಲ ಗಿಟಾರುಗಳಿಗೂ ಈ ಅದೃಷ್ಟ ಇರುವುದಿಲ್ಲ. ಮೂಲ ಬಣ್ಣವನ್ನು ಮೊದಲೇ ಉಜ್ಜಿ ತೆಗೆದಿದ್ದರೆ? ಆಗಲೂ ಕೆರೆದು ಹಾಕುವುದು ಮೊದಲ ಆಯ್ಕೆಯಲ್ಲ. ಹಿಡಿತ ಗಟ್ಟಿಯಿದ್ದು, ಮೇಲ್ಮೈ ಮಾತ್ರ ಒರಟಾಗಿದ್ದರೆ, ಅಂದರೆ ಕಿತ್ತಳೆ ಸಿಪ್ಪೆಯ ಹಾಗೆ ಕುಳಿಕುಳಿಯಾಗಿದ್ದರೆ, ಸೋರಿದ ಗೆರೆಗಳಿದ್ದರೆ, ಆ ಬಣ್ಣವನ್ನೇ ಸಮತಟ್ಟು ಮಾಡಿ ಹೊಳಪು ಕೊಡಬಹುದು. ಸೋಪಿನ ನೀರಿನಲ್ಲಿ ನೆನೆಸಿದ 800 ನಂಬರಿನ ವಾಟರ್ ಪೇಪರ್, ಆಮೇಲೆ 1000, 1500, 2000. ಕೊನೆಗೆ ರಬ್ಬಿಂಗ್ ಕಾಂಪೌಂಡ್, ಮೆತ್ತನೆಯ ಬಟ್ಟೆ. ಪೇಪರನ್ನು ಬೆರಳಲ್ಲಿ ಹಿಡಿಯದೆ ಸಣ್ಣ ರಬ್ಬರ್ ತುಂಡಿಗೆ ಸುತ್ತಿ ಹಿಡಿದರೆ ಉಬ್ಬು ಮಾತ್ರ ಸವೆಯುತ್ತದೆ. ಅಂಚುಗಳ ಹತ್ತಿರ ಹೋಗಬೇಡಿ, ಅಲ್ಲಿ ಬಣ್ಣ ತೆಳು. ಸ್ಕ್ರೂ ತೂತುಗಳಿಗೆ ಮೇಣ ತುಂಬಿಡಿ. ನೀರು ಇಳಿದರೆ ತೂತಿನ ಸುತ್ತ ಮರ ಉಬ್ಬಿ ಬಣ್ಣ ಬಿರಿಯುತ್ತದೆ. ಕೆಟ್ಟದೆಂದು ಕಂಡ ಎಷ್ಟೋ ಪೇಂಟಿಂಗ್ ಇಷ್ಟರಲ್ಲೇ ಸರಿಹೋಗುತ್ತದೆ.

ಬಣ್ಣ ಹೊಟ್ಟೆದ್ದು ಉದುರುತ್ತಿದ್ದರೆ, ಮೂಲವೂ ಉಳಿದಿಲ್ಲವೆಂದು ಖಚಿತವಾಗಿದ್ದರೆ, ಆಗ ಪೂರ್ತಿ ತೆಗೆದು ಹೊಸದಾಗಿ ಮಾಡುವುದು ನ್ಯಾಯ. ಅದನ್ನು ಎಲ್ಲಿ ಮಾಡಿಸಬೇಕು? ಗಿಟಾರಿಗೆ ಬೇಕಾದ ಕೈಚಳಕ ನಮ್ಮ ಸುತ್ತಲೇ ಇದೆ, ಆದರೆ ಮೂರು ಕಡೆ ಹಂಚಿಹೋಗಿದೆ. ಫರ್ನಿಚರ್ ಪಾಲಿಶ್ ಮಿಸ್ತ್ರಿಗೆ ಮರ ಗೊತ್ತು, ಚಪಡಾ ಗೊತ್ತು, ಬಣ್ಣಕ್ಕೆ ಬಣ್ಣ ಹೊಂದಿಸುವುದು ಗೊತ್ತು. ಆದರೆ ಹಳೆಯದು ಕಂಡರೆ ಬಿಳಿ ಮರ ಬರುವ ತನಕ ಉಜ್ಜುವುದು ಅವರ ರೂಢಿ. ಕಪಾಟಿನ ಬಾಗಿಲು ಅಷ್ಟು ಸವೆದರೆ ಏನೂ ಆಗುವುದಿಲ್ಲ, ಗಿಟಾರಿನಲ್ಲಿ ಕತ್ತಿನ ತಗ್ಗು ಸ್ವಲ್ಪ ಸವೆದರೂ ಕತ್ತು ಅಲುಗಾಡುತ್ತದೆ, ತಂತಿಯ ಎತ್ತರ ಕೆಡುತ್ತದೆ. ಕಣಬರ್ಗಿ ಕಡೆಯ ಆಟೋನಗರದಲ್ಲಿ ಸ್ಪ್ರೇ ಗನ್ ಹಿಡಿದು ನುರಿತ ಪೇಂಟರ್‌ಗಳಿದ್ದಾರೆ. ತೆಳುವಾಗಿ ಸಮನಾಗಿ ಹೊಡೆಯುವುದರಲ್ಲಿ ಅವರ ಕೈಗೆ ಸಾಟಿಯಿಲ್ಲ. ಅವರ ರೂಢಿ ಬೇರೆ. ತಗ್ಗು ಕಂಡಲ್ಲಿ ಪುಟ್ಟಿ ಮೆತ್ತುತ್ತಾರೆ. ತಗಡಿಗೆ ಅದು ಸರಿ. ಮರ ಮಳೆಗಾಲದಲ್ಲಿ ಹಿಗ್ಗಿ ಬೇಸಿಗೆಯಲ್ಲಿ ಕುಗ್ಗುವುದರಿಂದ ದಪ್ಪ ಪುಟ್ಟಿ ಕಾಲಕ್ರಮೇಣ ಗೆರೆ ಬಿಡುತ್ತದೆ. ಜೊತೆಗೆ ಹಾರ್ಡನರ್ ಬೆರೆಸುವ ಪಿ.ಯು. ಹೊಡೆಯುವಾಗ ಐಸೊಸಯನೇಟ್ ಉಸಿರಿಗೆ ಹೋಗಿ ಅಸ್ತಮಾ ತರಬಲ್ಲದು, ಮುಖಕ್ಕೆ ಕರವಸ್ತ್ರ ಕಟ್ಟಿಕೊಂಡರೆ ಅದು ತಡೆಯುವುದಿಲ್ಲ. ಆ ಪೇಂಟರ್‌ಗಳ ಆರೋಗ್ಯದ ಬಗ್ಗೆ ಯಾರೂ ಕೇಳದಿರುವುದು ನನಗೆ ನೋವಿನ ವಿಷಯ.

ಮೂರನೆಯದು ಮಿರಜ. ಘಟಪ್ರಭಾ, ರಾಯಬಾಗ, ಕುಡಚಿ ದಾಟಿ ರೈಲು ಮುಟ್ಟುವ ಆ ಊರಿನಲ್ಲಿ ಸಿತಾರ್, ತಂಬೂರಿ ಮಾಡುವ ಮನೆತನಗಳಿವೆ. ಕತ್ತಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರರು ಹತ್ತೊಂಬತ್ತನೆಯ ಶತಮಾನದಲ್ಲಿ ಈ ಕಸುಬಿಗೆ ಬಂದವರು. ಮಿರಜದ ಸಿತಾರ್ ಮತ್ತು ತಂಬೂರಿಗೆ 2024ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿತು. ಹಳೆ ತಂಬೂರಿ ರಿಪೇರಿಗೆ ಬಂದರೆ ಅದರ ತಬಲಿಯ ದಪ್ಪ ಕಡಿಮೆಯಾಗಬಾರದೆಂಬ ಎಚ್ಚರ ವಾದ್ಯ ಮಾಡುವವರ ರಕ್ತದಲ್ಲಿ ಬಂದಿರುತ್ತದೆ, ಏಕೆಂದರೆ ಅಲ್ಲಿ ನಾದ ಹುಟ್ಟುವುದು ಆ ತೆಳು ಹಲಗೆಯಿಂದ. ಎಲೆಕ್ಟ್ರಿಕ್ ಗಿಟಾರಿನಲ್ಲಿ ಸ್ವರ ಹುಟ್ಟುವುದು ಉಕ್ಕಿನ ತಂತಿ ಪಿಕಪ್ಪಿನ ಅಯಸ್ಕಾಂತದ ಮೇಲೆ ಕಂಪಿಸಿದಾಗ. ಬಣ್ಣದ ಜಾತಿ ಬದಲಾದರೆ ಅದರ ಸ್ವರವೇ ಬದಲಾಗುತ್ತದೆ ಎನ್ನುವವರ ಮಾತು ನನ್ನ ಕಿವಿಗಂತೂ ಒಪ್ಪಿಗೆಯಾಗಿಲ್ಲ. ಮುಟ್ಟಬಾರದ್ದನ್ನು ಮುಟ್ಟದಿರುವ ಮಿರಜದವರ ಆ ಶಿಸ್ತು ಮಾತ್ರ ಇಲ್ಲಿಗೂ ಬೇಕು. ಫ್ರೆಟ್ ಸರಿಪಡಿಸಲು, ಕತ್ತಿನ ಕೆಲಸಕ್ಕೆ ನಾನು ಅಂಥ ಕೈಗಳನ್ನೇ ನಂಬುತ್ತೇನೆ.

ಹಾಗಾಗಿ ಹಳೆಯದನ್ನು ತೆಗೆಯುವ ಕೆಲಸ ನೀವೇ ಮಾಡಿ, ಮರದ ತಯಾರಿ ಪಾಲಿಶ್ ಮಿಸ್ತ್ರಿಯಿಂದ, ಸ್ಪ್ರೇ ಆಟೋನಗರದಲ್ಲಿ. ಪೇಂಟರ್‌ಗೆ ಹೇಳಬೇಕಾದ್ದು ಸ್ವಲ್ಪವೇ: ಪುಟ್ಟಿ ಬೇಡ, ಕೋಟು ತೆಳುವಿರಲಿ, ಕತ್ತಿನ ತಗ್ಗಿಗೂ ಬ್ರಿಜ್ ಕೂರುವ ಜಾಗಕ್ಕೂ ಟೇಪ್ ಹಚ್ಚಿ. ಬಣ್ಣಕ್ಕೆ ಮೊದಲು ಮರದ ಮೇಲೆ ಮೇಣ ತೆಗೆದ ಚಪಡಾದ ತೆಳು ಲೇಪ ಕೊಟ್ಟರೆ ಒಳ್ಳೆಯದು. ಹಳೆಯ ಬಣ್ಣದ ಕಲೆ, ಮರದ ಎಣ್ಣೆ ಮೇಲೆ ಬರದಂತೆ ಅದು ತಡೆಯುತ್ತದೆ. ಜಾರ್ಖಂಡ್, ಛತ್ತೀಸಗಡದ ಕಾಡುಗಳಲ್ಲಿ ಅರಗಿನ ಹುಳು ಕೊಡುವ ಈ ವಸ್ತು ಚನ್ನಪಟ್ಟಣದ ಗೊಂಬೆಗೂ ಬೇಕು, ನಮ್ಮ ಗಿಟಾರಿಗೂ ಬೇಕು. ಪಿ.ಯು.ಗಿಂತ ಎನ್‌ಸಿ ಲ್ಯಾಕರ್ ನನಗೆ ಹಿಡಿಸುತ್ತದೆ. ಅದರ ಪ್ರತಿ ಕೋಟು ಹಿಂದಿನ ಕೋಟನ್ನು ಕರಗಿಸಿ ಅದರೊಳಗೆ ಸೇರುವುದರಿಂದ ಮುಂದೆ ಗೀರು ಬಿದ್ದರೂ ಅಷ್ಟೇ ಜಾಗ ತಿದ್ದಬಹುದು. ಪಿ.ಯು. ಗಟ್ಟಿಮುಟ್ಟು ನಿಜ, ಒಮ್ಮೆ ಚಕ್ಕೆ ಎದ್ದರೆ ತೇಪೆ ಮಾತ್ರ ಎದ್ದು ಕಾಣುತ್ತದೆ.

ಲ್ಯಾಕರ್ ಹೊಡೆಸುವವರು ಕಾಲ ನೋಡಲೇಬೇಕು. ಥಿನ್ನರ್ ಬೇಗ ಹಾರುವಾಗ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯಲ್ಲಿ ತೇವವಿದ್ದರೆ ಅದು ಲ್ಯಾಕರ್ ಮೇಲೆ ಕೂತು ಹಾಲಿನಂಥ ಬಿಳಿ ಮಬ್ಬು ಬಿಡುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಬೆಳಗಾವಿಯಲ್ಲಿ ಈ ಕೆಲಸ ಬೇಡವೇ ಬೇಡ, ಖಾನಾಪುರದಲ್ಲಂತೂ ಮಳೆ ಇನ್ನೂ ಜೋರು. ದೀಪಾವಳಿ ಕಳೆದ ಮೇಲೆ, ಬೆಳಗಿನ ಮಂಜು ಹರಿದು ಬಿಸಿಲು ಏರಿದ ಹೊತ್ತಿನಲ್ಲಿ ಹೊಡೆಸಿ. ಕೊನೆಯ ಕೋಟಿನ ಮೇಲೆ ಮೂರು ನಾಲ್ಕು ವಾರ ಮುಟ್ಟದೆ ತೂಗುಹಾಕಿ, ಆಮೇಲೆ ಪಾಲಿಶ್. ಪೇಂಟ್ ವಾಸನೆ ಮೂಗಿಗೆ ಬರುತ್ತಿರುವ ತನಕ ಒಣಗಿಲ್ಲವೆಂದೇ ತಿಳಿಯಿರಿ.

ಕೆಟ್ಟದಾಗಿ ಬಣ್ಣ ಬಳಿದವರು ಫ್ರೆಟ್‌ಬೋರ್ಡ್ ಮೇಲೂ ಚೆಲ್ಲಿರುತ್ತಾರೆ. ಅದು ಬೀಟೆ ಮರದ್ದಾದರೆ ಬರಿಯ ಮರವೇ ಇರಬೇಕು, ಲೇಪ ಬೇಡ. ಖಾನಾಪುರದ ಕಾಡಿನವರಿಗೆ ಬೀಟೆಯ ಪರಿಚಯ ಮಾಡಿಕೊಡಬೇಕಿಲ್ಲ. ಬ್ರೆಜಿಲ್‌ನ ರೋಸ್‌ವುಡ್ ಸಿಗುವುದು ಕಷ್ಟವಾದಾಗ ಅಮೆರಿಕದ ಮಾರ್ಟಿನ್ ಕಂಪನಿ 1969ರಲ್ಲಿ ತನ್ನ ಗಿಟಾರುಗಳಿಗೆ ಭಾರತದ ಬೀಟೆಯನ್ನು ಆರಿಸಿಕೊಂಡಿತು. ಇಂದು ಜಗತ್ತಿನ ಅಸಂಖ್ಯ ಗಿಟಾರುಗಳಲ್ಲಿ ಬೆರಳಾಡುವುದು ಪಶ್ಚಿಮ ಘಟ್ಟದ ಈ ಮರದ ಮೇಲೆ. ಬಣ್ಣದ ಹನಿಗಳನ್ನು ಬ್ಲೇಡಿನಿಂದ ಎರಡು ಫ್ರೆಟ್‌ಗಳ ನಡುವೆ, ಮರದ ಎಳೆಯ ದಿಕ್ಕಿನಲ್ಲೇ ಹೆರೆದು ತೆಗೆಯಿರಿ. ಸ್ಟೀಲ್ ವೂಲ್ ಬಳಸುವುದಾದರೆ ಕತ್ತನ್ನು ಒಡಲಿನಿಂದ ದೂರ ಒಯ್ದು ಬಳಸಿ. ಅದರ ನವಿರು ಚೂರುಗಳು ಪಿಕಪ್ಪಿನ ಅಯಸ್ಕಾಂತಕ್ಕೆ ಅಂಟಿಕೊಂಡರೆ ಬಿಡಿಸುವುದು ಹರಸಾಹಸ.

ಇನ್ನೊಂದು ದೂರು ಬಹಳ ಜನರದ್ದು. "ಪೇಂಟ್ ಹೊಡಸಿದಾಗಿಂದ ಆಂಪ್ಲಿಫೈಯರ್‌ಗೆ ಹಾಕಿದ್ರ ಗುಂಯ್ ಅಂತೈತ್ರಿ." ಬಹಳಷ್ಟು ಗಿಟಾರುಗಳಲ್ಲಿ ಬ್ರಿಜ್‌ನ ಕೆಳಗೆ ಒಂದು ಸಣ್ಣ ಅರ್ಥಿಂಗ್ ವೈರ್ ಇರುತ್ತದೆ, ಬರಿಯ ತುದಿಯಿಂದ ಲೋಹಕ್ಕೆ ತಾಗಿಕೊಂಡು. ಅದರ ಮೇಲೆ ಬಣ್ಣ ಹೊಡೆದರೆ ಸಂಪರ್ಕ ತಪ್ಪುತ್ತದೆ. ತಂತಿ ಮುಟ್ಟಿದಾಗ ಗುಂಯ್‌ಗುಡುವುದು ಕಡಿಮೆಯಾಗದಿದ್ದರೆ ಮೊದಲು ಅಲ್ಲಿ ನೋಡಿ. ಆ ವೈರಿನ ತುದಿಯ ಮತ್ತು ಬ್ರಿಜ್‌ನ ಅಡಿಯ ಬಣ್ಣ ಕೆರೆದರೆ ಎಷ್ಟೋ ಸಲ ಅಷ್ಟಕ್ಕೇ ಸದ್ದು ಇಳಿಯುತ್ತದೆ.

ಮತ್ತೆ ಬಣ್ಣ ಬಳಿದ ಗಿಟಾರ್ ಎಂದರೆ ಕಳಂಕ ಹತ್ತಿದ್ದೇ ಎಂದು ಕೇಳುವವರೂ ಇದ್ದಾರೆ. ಹಳೆ ಫೆಂಡರ್, ಗಿಬ್ಸನ್ ವ್ಯಾಪಾರಿಗಳ ಲೆಕ್ಕದಲ್ಲಿ ಹಾಗೆ ಬಳಿದದ್ದರ ಬೆಲೆ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಆದರೆ ಆ ಲೆಕ್ಕ ಎಲ್ಲ ಕಡೆ ನಡೆಯುವುದಿಲ್ಲ. ಪಿಂಕ್ ಫ್ಲಾಯ್ಡ್ ತಂಡದ ಡೇವಿಡ್ ಗಿಲ್ಮೋರ್ 1970ರಲ್ಲಿ ನ್ಯೂಯಾರ್ಕಿನಲ್ಲಿ ಕೊಂಡ ಕಪ್ಪು ಸ್ಟ್ರಾಟೊಕಾಸ್ಟರ್ ಹುಟ್ಟಿನಲ್ಲಿ ಸನ್‌ಬರ್ಸ್ಟ್. ಅವರ ಕೈಗೆ ಬರುವ ಮುಂಚೆಯೇ ಯಾರೋ ಅದರ ಮೇಲೆ ಕಪ್ಪು ಹೊಡೆದಿದ್ದರು. 2019ರ ಜೂನ್‌ನಲ್ಲಿ ಕ್ರಿಸ್ಟೀಸ್ ಹರಾಜಿನಲ್ಲಿ ಅದು 39,75,000 ಡಾಲರ್‌ಗೆ ಹೋಯಿತು. ಬೀಟಲ್ಸ್‌ನ ಜಾರ್ಜ್ ಹ್ಯಾರಿಸನ್ 1967ರಲ್ಲಿ ತಮ್ಮ ತಿಳಿನೀಲಿ ಸ್ಟ್ರಾಟೊಕಾಸ್ಟರ್ ಮೇಲೆ ಕಣ್ಣು ಕೋರೈಸುವ ಡೇಗ್ಲೋ ಬಣ್ಣಗಳನ್ನು ತಾವೇ ಬಳಿದರು. ಆ ಬಣ್ಣ ಕೆರೆಯುವ ಧೈರ್ಯ ಇಂದು ಯಾರಿಗಿದೆ? ನಿಮ್ಮ ಮನೆಯ ಗಿಟಾರಿನ ಮೇಲಿನ ಎರಡನೆಯ ಬಣ್ಣ ಅದನ್ನು ನುಡಿಸಿದವರೇ ಬಳಿದದ್ದಾಗಿದ್ದರೆ, ತೆಗೆಯುವ ಮುನ್ನ ಮನೆಯ ಹಿರಿಯರನ್ನು ಕೇಳಿ. ಖಾನಾಪುರದ ಹುಡುಗ ತನ್ನ ತಾಯಿಯನ್ನು ಕೇಳಿಯೇ ಬಂದಿದ್ದ. ಕಪ್ಪು ಬಳಿದದ್ದು ಗಿಟಾರನ್ನು ಎರವಲು ಒಯ್ದವರು ಎಂದು ಅವರಿಂದ ತಿಳಿದಿತ್ತು.

ಹೊಸ ಬಣ್ಣದ ಮೇಲೆ ದುಬಾರಿ ಕಂಪನಿಯ ನಕಲಿ ಸ್ಟಿಕರ್ ಅಂಟಿಸಬೇಡಿ. ಕೆಲವರು ಅದನ್ನೂ ಕೇಳುತ್ತಾರೆ. ನಾಳೆ ಅದು ಬೇರೆಯವರ ಕೈಗೆ ಹೋದಾಗ ಅವರು ಮೋಸಹೋಗುತ್ತಾರೆ, ಜೊತೆಗೆ ಆ ಗಿಟಾರ್ ನಿಜವಾಗಿ ಎಲ್ಲಿ ಹುಟ್ಟಿತೆಂಬ ಗುರುತೂ ಅಳಿಸಿಹೋಗುತ್ತದೆ. ಮೂಲ ಹೆಸರು ಅರ್ಧ ಹೋಗಿದ್ದರೂ ಇರಲಿ ಬಿಡಿ. ಎಲ್ಲ ಜೋಡಿಸಿ ಮುಗಿದ ಮೇಲೆ ಗಿಟಾರನ್ನು ರಬ್ಬರ್ ಹಿಡಿಯ ಸ್ಟ್ಯಾಂಡಿನಲ್ಲಿ ನೇರವಾಗಿ ನಿಲ್ಲಿಸಬೇಡಿ. ಅಂಥ ರಬ್ಬರ್‌ನಲ್ಲಿರುವ ಅಂಶಗಳು ಲ್ಯಾಕರನ್ನು ದಿನಗಳೆದಂತೆ ಮೆತ್ತಗೆ ಮಾಡಿ ಅಂಟಿಸಿಬಿಡುತ್ತವೆ. ತಾಗುವ ಜಾಗಕ್ಕೆಲ್ಲ ಹಳೆ ಹತ್ತಿ ಪಂಚೆಯ ತುಂಡು ಸುತ್ತಿದರೆ ಸಾಕು. ಪಿ.ಯು. ಹೊಡೆಸಿದವರಿಗೆ ಈ ಚಿಂತೆ ಇಲ್ಲ.